ನಿಮಗಿದು ಗೊತ್ತೇ? ಆಘಾತದ ನೆನಪಿಗೆ ವಿಡಿಯೊ ಕರೆಯಲ್ಲೇ ಚಿಕಿತ್ಸೆ

● ಅಪಘಾತ, ಅತ್ಯಾಚಾರ, ಯುದ್ಧ, ಭೂಕುಸಿತದಂಥದ್ದನ್ನು ಕಂಡು ಬದುಕುಳಿದವರಿಗೆ ಮೊದಲ ಕೆಲವು ವಾರ ನಿದ್ದೆ ಕೆಡುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು ಸಹಜ. ಅದು ಕಾಯಿಲೆಯಲ್ಲ. ತಿಂಗಳು ದಾಟಿದರೂ ಕೆಟ್ಟ ಕನಸು ಬಿಡದೆ, ನಡೆದದ್ದು ಈಗಲೇ ನಡೆಯುತ್ತಿದೆ ಎನಿಸಿ, ದಿನನಿತ್ಯದ ಕೆಲಸವೇ ನಿಂತುಹೋದರೆ ಮನೋವೈದ್ಯರು ಪಿಟಿಎಸ್‌ಡಿ (ಆಘಾತೋತ್ತರ ಒತ್ತಡದ ಕಾಯಿಲೆ) ಇರಬಹುದೇ ಎಂದು ನೋಡುತ್ತಾರೆ. ಈ ಹೆಸರು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಗೆ ಸೇರಿದ್ದು 1980ರಲ್ಲಿ. ವಿಯೆಟ್ನಾಂನಿಂದ ಮರಳಿದ ಸೈನಿಕರು ವರ್ಷಗಟ್ಟಲೆ ಗದ್ದಲ ಮಾಡಿದ್ದರ ಫಲವೂ ಅದು.

● ಘಟನೆಯನ್ನು ನೆನಪಿಸುವ ಜಾಗ, ಜನ, ಮಾತು ಎಲ್ಲದರಿಂದಲೂ ತಪ್ಪಿಸಿಕೊಳ್ಳುವುದು ಈ ಕಾಯಿಲೆಯ ಮುಖ್ಯ ಲಕ್ಷಣಗಳಲ್ಲೊಂದು. ಬಸ್ ಅಪಘಾತದಲ್ಲಿ ಉಳಿದುಕೊಂಡವರಿಗೆ ‘ಬಸ್ ಹತ್ತಿ ಜಿಲ್ಲಾಸ್ಪತ್ರೆಗೆ ಬನ್ನಿ’ ಎಂದರೆ ಎಷ್ಟು ಜನ ಬಂದಾರು? ಟೆಲಿ ಚಿಕಿತ್ಸೆ ಈ ಕಾಯಿಲೆಗೆ ಒಗ್ಗುವುದು ಮುಖ್ಯವಾಗಿ ಇದೇ ಕಾರಣಕ್ಕೆ. ಬಸ್ ಚಾರ್ಜು, ಒಂದು ದಿನದ ಕೂಲಿ ಉಳಿಯುವುದು ಆಮೇಲಿನ ಮಾತು.

● ಟೆಲಿ ಚಿಕಿತ್ಸೆ ಕೊರೊನಾ ಕಾಲದ ಆವಿಷ್ಕಾರ ಎಂದುಕೊಂಡಿದ್ದೀರಾ? ಅಮೆರಿಕದ ನೆಬ್ರಾಸ್ಕಾದ ಮನೋವೈದ್ಯರು 1950ರ ದಶಕದ ಕೊನೆಗೇ ಎರಡೂ ಕಡೆ ಕ್ಯಾಮೆರಾ, ಟಿ.ವಿ. ಇಟ್ಟುಕೊಂಡು ರೋಗಿಗಳ ಜತೆ ಮಾತಾಡಿದ್ದರು. 1964ರಲ್ಲಿ ಸುಮಾರು 180 ಕಿ.ಮೀ. ದೂರದ ನಾರ್‌ಫೋಕ್ ಮಾನಸಿಕ ಆಸ್ಪತ್ರೆಗೂ ಸಂಪರ್ಕ ಕೊಟ್ಟರು.

● ಪರದೆಯ ಮೇಲೆ ಮಾಡಿದ ಚಿಕಿತ್ಸೆ ಎದುರು ಕೂತು ಮಾಡಿದ್ದಕ್ಕೆ ಸಮವೇ? ಇದನ್ನು ಹೆಚ್ಚು ಪರೀಕ್ಷಿಸಿದ್ದು ಅಮೆರಿಕದ ಮಾಜಿ ಸೈನಿಕರ ಇಲಾಖೆ. ಹವಾಯಿಯ ದ್ವೀಪಗಳಲ್ಲಿ ಚದುರಿದ್ದ ಮಾಜಿ ಸೈನಿಕರಿಗೆ ವಿಡಿಯೊದಲ್ಲಿ ಕೊಟ್ಟ ಮಾತಿನ ಚಿಕಿತ್ಸೆ ಮುಖಾಮುಖಿ ಚಿಕಿತ್ಸೆಗಿಂತ ಕಡಿಮೆಯದಲ್ಲ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಮನೆಯಲ್ಲೇ ಕೂತು ಪಡೆದವರ ಮೇಲಿನ 2017ರ ಅಧ್ಯಯನದಲ್ಲೂ ಅದೇ ಉತ್ತರ ಬಂತು. ಇಂಟರ್‌ನೆಟ್ ಇಲ್ಲದ ಮಾಜಿ ಸೈನಿಕರಿಗೆ ಆ ಇಲಾಖೆ ಸಂಪರ್ಕ ಸಹಿತ ಟ್ಯಾಬ್ಲೆಟ್‌ಗಳನ್ನೇ ಎರವಲು ಕೊಡುತ್ತದೆ.

● ಚಿಕಿತ್ಸೆ ಎಂದರೆ ‘ಧೈರ್ಯವಾಗಿರಿ, ಮರೆತುಬಿಡಿ’ ಎನ್ನುವ ಸಮಾಧಾನವಲ್ಲ. ಅದನ್ನು ಹೇಳಲು ನೆಂಟರಿದ್ದಾರೆ. ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ರೂಪಿಸಿದ ಪದ್ಧತಿ ನೋಡಿ. ರೋಗಿ ಕಣ್ಣು ಮುಚ್ಚಿ, ನಡೆದದ್ದನ್ನು ವರ್ತಮಾನ ಕಾಲದಲ್ಲಿ ಹೇಳಬೇಕು: ‘ಲಾರಿ ಎದುರಿಗೆ ಬರುತ್ತಿದೆ, ಬ್ರೇಕ್ ಹಿಡಿಯುತ್ತಿಲ್ಲ...’ ಹೇಳಿ ಮುಗಿದ ಮೇಲೆ ಮತ್ತೆ ಮೊದಲಿನಿಂದ. ನಡುನಡುವೆ ‘ಈಗ ಎಷ್ಟು?’ ಎಂದು ಚಿಕಿತ್ಸಕರು ಕೇಳುತ್ತಾರೆ. ಭಯ ಎಷ್ಟಿದೆ ಎಂದು ರೋಗಿ ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಹೇಳಬೇಕು. ಹೀಗೆ ಹೇಳಿದ್ದರ ಧ್ವನಿಮುದ್ರಣವನ್ನು ಮರುಭೇಟಿಯ ತನಕ ದಿನಾ ಕೇಳುವುದು ಹೋಮ್‌ವರ್ಕ್. ಕೇಳಿ ಕೇಳಿ ಅಂಕಿ ಇಳಿಯುತ್ತದೆ. ಒಟ್ಟು 8ರಿಂದ 15 ಭೇಟಿ, ಒಂದೊಂದೂ ಸುಮಾರು ಒಂದೂವರೆ ಗಂಟೆ. ಪೆಟ್ರೀಷಿಯಾ ರೆಸಿಕ್ ರೂಪಿಸಿದ ಇನ್ನೊಂದು ಪದ್ಧತಿ 12 ಭೇಟಿಗಳದು. ‘ತಪ್ಪೆಲ್ಲ ನನ್ನದೇ’ ಎಂಬಂಥ ನಂಬಿಕೆಗಳನ್ನು ಕಾಗದದ ಮೇಲೆ ಬರೆಸಿ ಒಂದೊಂದನ್ನೂ ಪ್ರಶ್ನಿಸುವುದು ಅದರ ಕ್ರಮ.

● ಮೊಬೈಲಿಗೊಂದು ಹೆಚ್ಚುಗಾರಿಕೆಯೂ ಇದೆ. ಭಯಪಡುವ ಜಾಗಕ್ಕೆ ರೋಗಿ ಮೆಲ್ಲಗೆ ಹೋಗಿ ಅಭ್ಯಾಸ ಮಾಡಬೇಕಾದಾಗ ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಚಿಕಿತ್ಸಕರೂ ಜತೆಗೆ ‘ಬಂದಂತೆ’. ಆಸ್ಪತ್ರೆಯ ಕೋಣೆಯಲ್ಲಿ ಇದು ಆಗದ ಕೆಲಸ. ಆದರೆ ಹೊರಗೆ ಕಾಲಿಡದಿರಲು ವಿಡಿಯೊ ಕರೆಯೇ ನೆಪವಾದರೆ ಕಾಯಿಲೆಗೆ ನಾವೇ ಮಣೆ ಹಾಕಿದಂತೆ. ಒಳ್ಳೆಯ ಚಿಕಿತ್ಸಕರು ಈ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟು.

● ಪ್ರತಿ ಕರೆಯ ಮೊದಲ ಪ್ರಶ್ನೆ ‘ಹೇಗಿದ್ದೀರಿ?’ ಅಲ್ಲ, ‘ಈಗ ಎಲ್ಲಿದ್ದೀರಿ?’ ಎಂದಿರಬಹುದು. ವಿಳಾಸ, ಹತ್ತಿರದವರೊಬ್ಬರ ಫೋನ್ ನಂಬರ್, ಕರೆ ಕಡಿದುಹೋದರೆ ಯಾರು ಯಾರಿಗೆ ಮಾಡಬೇಕು ಎಂಬುದೆಲ್ಲ ಮೊದಲೇ ಇತ್ಯರ್ಥವಾಗಬೇಕು. ರೋಗಿ ತೀರಾ ತಳಮಳಕ್ಕೊಳಗಾದರೆ ನೂರು ಕಿ.ಮೀ. ಆಚೆ ಕೂತ ವೈದ್ಯರಿಗೆ ನೆರವು ಕಳಿಸಲು ಇರುವ ದಾರಿ ಅದೊಂದೇ.

● ನಮ್ಮ ಮನೆಗಳಲ್ಲಿ ನೆಟ್‌ವರ್ಕ್‌ಗಿಂತ ದೊಡ್ಡ ತಾಪತ್ರಯ ಏಕಾಂತದ್ದು. ಹಿಂಸೆ ಕೊಟ್ಟವರು ಪಕ್ಕದ ಕೋಣೆಯಲ್ಲೇ ಇದ್ದರೆ ಬಾಯಿ ಬಿಡುವುದು ಹೇಗೆ? ಅದಕ್ಕೇ ನಿಲ್ಲಿಸಿದ ಕಾರಿನಲ್ಲಿ, ತಾರಸಿಯ ಮೇಲೆ ಕೂತು ಮಾತಾಡುವವರುಂಟು. ಯಾರಾದರೂ ಬಂದರೆ ‘ಸಾರಿಗೆ ಒಗ್ಗರಣೆ ಹಾಕಬೇಕು’ ಎಂಬಂಥ ಗುಪ್ತ ಮಾತನ್ನು ಚಿಕಿತ್ಸಕರೊಂದಿಗೆ ಮೊದಲೇ ಗೊತ್ತುಮಾಡಿಕೊಳ್ಳಬಹುದು. ಅದು ಕಿವಿಗೆ ಬಿದ್ದೊಡನೆ ಮಾತು ಹವಾಮಾನಕ್ಕೆ ತಿರುಗುತ್ತದೆ.

● ಎರಡೂ ಕೈ ಎದೆಯ ಮೇಲೆ ಅಡ್ಡ ಹಾಕಿ, ಎಡ–ಬಲ ಎಂದು ತೋಳುಗಳನ್ನು ಮೆಲ್ಲಗೆ ತಟ್ಟಿಕೊಳ್ಳುವ ‘ಚಿಟ್ಟೆ ಅಪ್ಪುಗೆ’ಯನ್ನು ಕೇಳಿದ್ದೀರಾ? ಮೆಕ್ಸಿಕೊದ ಅಕಪುಲ್ಕೊದಲ್ಲಿ 1997ರ ಪಾಲಿನ್ ಚಂಡಮಾರುತದ ನಂತರ ಆಘಾತಕ್ಕೊಳಗಾದ ಮಕ್ಕಳನ್ನು ಶಾಂತಗೊಳಿಸಲು ಚಿಕಿತ್ಸಕಿ ಲೂಸಿನಾ ಆರ್ಟಿಗಾಸ್ ರೂಪಿಸಿದ್ದು. ಚಿಕಿತ್ಸಕರು ಮುಟ್ಟಬೇಕಿಲ್ಲವಾದ್ದರಿಂದ ವಿಡಿಯೊಗೂ ಹೇಳಿ ಮಾಡಿಸಿದಂತಿದೆ.

● ಪಿಟಿಎಸ್‌ಡಿಗೆಂದೇ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟಿರುವುದು ಎರಡೇ ಔಷಧಗಳಿಗೆ: ಸರ್ಟ್ರಾಲಿನ್, ಪ್ಯಾರೊಕ್ಸೆಟಿನ್. ಎರಡೂ ಖಿನ್ನತೆಯ ಮಾತ್ರೆಗಳು. ಗುಣ ಕಾಣಲು ವಾರಗಳೇ ಬೇಕು. ಜನ ಕೇಳಿ ಪಡೆಯುವ, ಕೂಡಲೇ ಮಂಪರು ತರುವ ಅಲ್ಪ್ರಜೋಲಾಂ ಗುಂಪಿನ ಮಾತ್ರೆಗಳನ್ನು ಈ ಕಾಯಿಲೆಗೆ ಕೊಡಬೇಡಿ ಎಂದು ಮಾಜಿ ಸೈನಿಕರ ಇಲಾಖೆಯ 2023ರ ಮಾರ್ಗಸೂಚಿ ಹೇಳುತ್ತದೆ. ಈಗಾಗಲೇ ನುಂಗುತ್ತಿರುವವರು ದಿಢೀರನೆ ಬಿಡುವುದೂ ಅಪಾಯ. ವೈದ್ಯರ ಮಾತಿನಂತೆ ಹಂತಹಂತವಾಗಿ ಇಳಿಸಬೇಕು.

● ಭಾರತದಲ್ಲಿ ಟೆಲಿ ವೈದ್ಯಕೀಯಕ್ಕೆ ಸ್ಪಷ್ಟ ನಿಯಮ ಬಂದಿದ್ದು 2020ರ ಮಾರ್ಚ್ 25ರಂದು, ಲಾಕ್‌ಡೌನ್ ಶುರುವಾದ ದಿನವೇ. ಕೆಲವು ಮಾತ್ರೆಗಳನ್ನು ಮೊದಲ ಭೇಟಿಯಲ್ಲಿ ಬರೆಯಬೇಕಾದರೆ ವಿಡಿಯೊ ಬೇಕೇ ಬೇಕು, ಬರೀ ಫೋನ್ ಸಾಲದು. ಇನ್ನು ಕೆಲವನ್ನು ದೂರದಿಂದ ಬರೆಯುವಂತೆಯೇ ಇಲ್ಲ. ಔಷಧ ಚೀಟಿಯಲ್ಲಿ ವೈದ್ಯರ ನೋಂದಣಿ ಸಂಖ್ಯೆ ಇದೆಯೇ ನೋಡಿಕೊಳ್ಳಿ.

● 1984ರ ಭೋಪಾಲ್ ಅನಿಲ ದುರಂತದ ಬಳಿಕ ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಅಲ್ಲಿನ ಸಾಮಾನ್ಯ ವೈದ್ಯರಿಗೆ ಮನೋರೋಗ ಗುರುತಿಸುವುದನ್ನು ಕಲಿಸಿದರು. ಮನೋವೈದ್ಯರು ಅಷ್ಟು ವಿರಳವಾಗಿದ್ದರು. ಈಗ ಅದೇ ನಿಮ್ಹಾನ್ಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಕೇಂದ್ರಸ್ಥಾನ. 14416ಕ್ಕೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮೊದಲು ಸಿಗುವವರು ಆಪ್ತಸಮಾಲೋಚಕರು. ಅಗತ್ಯವಿದ್ದರೆ ಮನೋವೈದ್ಯರಿಗೆ ದಾಟಿಸುತ್ತಾರೆ. 2023ರ ಡಿಸೆಂಬರ್‌ನಲ್ಲಿ ಸೈನಿಕರು ಮತ್ತು ಅವರ ಕುಟುಂಬಕ್ಕೆಂದೇ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಪ್ರತ್ಯೇಕ ಘಟಕ ತೆರೆಯಿತು. 2024ರಲ್ಲಿ ವಿಡಿಯೊ ಸಮಾಲೋಚನೆ ಸೇರಿಸಿದಾಗ ಮೊದಲು ಆಯ್ಕೆಯಾದ ಮೂರು ಕಡೆಗಳಲ್ಲಿ ಕರ್ನಾಟಕವೂ ಒಂದು. ಉಳಿದೆರಡು ತಮಿಳುನಾಡು ಮತ್ತು ಜಮ್ಮು–ಕಾಶ್ಮೀರ.