ಬಂಡೆಯೊಳಗಿನ ನೀರಿಗೆ ವಿದ್ಯುತ್ತಿನ ಶೋಧ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆ ಬಾವಿ ಕೊರೆಸುವ ಮುನ್ನ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರನ್ನು ನೀವು ಕಂಡಿರಬಹುದು. ಕಾಯಿ ನೆಟ್ಟಗೆ ನಿಂತ ಕಡೆ ನೀರಿದೆ ಎಂಬುದು ನಂಬಿಕೆ. ಆದರೆ ಸಾಲ ಮಾಡಿ ಕೊರೆಸಿದ ಬಾವಿಯಿಂದ ಬರೀ ಕಲ್ಲುಪುಡಿ ಹಾರಿದರೆ ರೈತನ ಪಾಡೇನು? ವಿಜ್ಞಾನ ಇಲ್ಲಿ ನೆರವಾಗಬಲ್ಲದೇ?

ಮೊದಲು ನೆಲದ ಸ್ವಭಾವ ತಿಳಿಯೋಣ. ಈ ಸೀಮೆಯ ತಳದಲ್ಲಿ ಹೆಚ್ಚಾಗಿ ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆಗಳು. ಮರಳಿನಲ್ಲಿರುವಂತೆ ಇವುಗಳ ಕಣಗಳ ನಡುವೆ ನೀರಿಗೆ ಜಾಗವಿಲ್ಲ. ನೀರು ನಿಲ್ಲುವುದು ಮೇಲಿನ ಶಿಥಿಲಗೊಂಡ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಆದ್ದರಿಂದಲೇ ಒಂದು ಬಾವಿಯಲ್ಲಿ ನೀರು ಚಿಮ್ಮಿದರೂ ಹತ್ತು ಮಾರು ಆಚೆಯದು ಬರಿದಾಗಬಹುದು.

ಒಣಗಿದ ಗಟ್ಟಿ ಬಂಡೆ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದಿಲ್ಲ. ಅಂತರ್ಜಲದಲ್ಲಿ ಲವಣಗಳು ಕರಗಿರುವುದರಿಂದ ಅದು ಹರಿಯಗೊಡುತ್ತದೆ. ಗಟ್ಟಿ ಗ್ರಾನೈಟಿನ ರೋಧಶೀಲತೆ ಸಾವಿರಾರು ಓಮ್-ಮೀಟರ್ ಇದ್ದರೆ, ನೀರು ತುಂಬಿದ ಶಿಥಿಲ ಶಿಲೆಯದು ಸಾಮಾನ್ಯವಾಗಿ ಹತ್ತಾರರಿಂದ ಒಂದೆರಡು ನೂರರಷ್ಟು ಮಾತ್ರ.

ಇದನ್ನು ಅಳೆಯಲು ನೆಲದಲ್ಲಿ ಒಂದೇ ಸಾಲಿನಲ್ಲಿ ನಾಲ್ಕು ಲೋಹದ ಗೂಟಗಳನ್ನು ನೆಡುತ್ತಾರೆ. ಹೊರಗಿನ ಎರಡರ ಮೂಲಕ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವಿನ ವಿಭವಾಂತರ ನೋಡುತ್ತಾರೆ. ಎರಡೇ ಗೂಟ ಸಾಲದೇ? ಸಾಲದು. ಗೂಟಕ್ಕೂ ಮಣ್ಣಿಗೂ ನಡುವಿನ ರೋಧವೂ ಆಗ ಲೆಕ್ಕಕ್ಕೆ ಸೇರಿಬಿಡುತ್ತದೆ.

ಗೂಟಗಳು ಸಮ ಅಂತರದಲ್ಲಿದ್ದರೆ ಅದು ವೆನ್ನರ್ ಜೋಡಣೆ. ಅಂತರ 10 ಮೀಟರ್, ವಿದ್ಯುತ್ 100 ಮಿಲಿಆಂಪಿಯರ್, ವಿಭವಾಂತರ 160 ಮಿಲಿವೋಲ್ಟ್ ಎನ್ನಿ. ಓಮನ ನಿಯಮದಂತೆ ರೋಧ 1.6 ಓಮ್. ಅದನ್ನು 2π ಮತ್ತು 10ರಿಂದ ಗುಣಿಸಿದರೆ ರೋಧಶೀಲತೆ ಸುಮಾರು 100 ಓಮ್-ಮೀಟರ್. ಗೂಟಗಳನ್ನು ದೂರ ದೂರ ಸರಿಸಿದಷ್ಟೂ ವಿದ್ಯುತ್ ಇನ್ನೂ ಆಳಕ್ಕಿಳಿಯುತ್ತದೆ. ಹೀಗೆ ಪದರಗಳ ದಪ್ಪವನ್ನು ಅಂದಾಜು ಮಾಡಬಹುದು. ಅಂತರ ಬದಲಿಸದೆ ಇಡೀ ಸಾಲನ್ನೇ ಮುಂದೆ ಮುಂದೆ ಸರಿಸುತ್ತ ಹೋದರೆ, ರೋಧಶೀಲತೆ ತಟ್ಟನೆ ಇಳಿಯುವ ಕಡೆ ಬಿರುಕಿನ ವಲಯ ಇರಬಹುದು.

'ಇರಬಹುದು' ಎನ್ನಲು ಕಾರಣವಿದೆ. ಜೇಡಿಮಣ್ಣೂ ಉಪ್ಪುನೀರೂ ಹೀಗೆಯೇ ಕಡಿಮೆ ಅಂಕಿ ತೋರಿಸುತ್ತವೆ. ಇನ್ನು ನೂರಾರು ಅಡಿ ಆಳದ ಗೇಣಗಲದ ಬಿರುಕು ಮೇಲಿನಿಂದ ಮಾಡಿದ ಅಳತೆಗೆ ಸಿಗುವುದೇ ಕಷ್ಟ. ಆದ್ದರಿಂದ ಭೂವಿಜ್ಞಾನಿಗಳು ಅಂಕಿಯೊಂದನ್ನೇ ನಂಬದೆ ಉಪಗ್ರಹ ಚಿತ್ರ, ಶಿಲೆಗಳ ನಕ್ಷೆ, ನೆರೆಹೊರೆಯ ಬಾವಿಗಳ ವಿವರ ಎಲ್ಲವನ್ನೂ ಕೂಡಿಸಿ ನೋಡುತ್ತಾರೆ.

ಈ ವಿಧಾನ ಬಾವಿ ವಿಫಲವಾಗುವ ಸಂಭವವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ನೀರು ನಿಲ್ಲಬಲ್ಲ ಜಾಗವನ್ನಷ್ಟೇ ಅದು ತೋರಿಸೀತು. ಆ ಜಾಗ ತುಂಬಬೇಕಾದರೆ ಮಳೆ ಬರಬೇಕು, ಬಂದ ಮಳೆ ಕೆರೆ ಕುಂಟೆಗಳಲ್ಲಿ ನಿಂತು ನೆಲಕ್ಕೆ ಇಂಗಬೇಕು.