ನೊಣ ಕೂರದ ಮೀನಿನಲ್ಲಿ ಫಾರ್ಮಾಲಿನ್ ಇದೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಮೀನಿನ ಮೇಲೆ ನೊಣ ಕೂರುತ್ತಿಲ್ಲ ಎಂದರೆ ಅದಕ್ಕೆ ಫಾರ್ಮಾಲಿನ್ ಹಾಕಿದ್ದಾರೆ, ಅದನ್ನು ತಿಂದರೆ ಕ್ಯಾನ್ಸರ್ ಖಚಿತ, ಎಲ್ಲರಿಗೂ ತಿಳಿಸಿ! ಮಳೆಗಾಲ ಬಂತೆಂದರೆ ಕರಾವಳಿಯ ವಾಟ್ಸಾಪ್ ಗುಂಪುಗಳಲ್ಲಿ ಈ ಅರ್ಥದ ಸಂದೇಶಗಳು ಓಡಾಡತೊಡಗುತ್ತವೆ. ಜೊತೆಗೆ ಯಾವುದೋ ಊರಿನ, ಯಾವುದೋ ವರ್ಷದ ಒಂದು ವಿಡಿಯೊ ಇರುತ್ತದೆ.

ನಮ್ಮ ತಂಡದ ಒಬ್ಬರ ಮನೆ ಕಾರವಾರದ ಕೋಡಿಬಾಗದಲ್ಲಿದೆ. ಅವರ ಮನೆಯ ಗುಂಪಿಗೂ ಈ ಸಂದೇಶ ಬಂತು. ಮರುದಿನ ಬೆಳಿಗ್ಗೆ ಎಂದಿನಂತೆ ಬುಟ್ಟಿ ಹೊತ್ತು ಬಂದ ಮೀನು ಮಾರುವ ಹೆಂಗಸಿನಿಂದ ಆ ಬೀದಿಯಲ್ಲಿ ಯಾರೂ ಮೀನು ಕೊಳ್ಳಲಿಲ್ಲ. ಬುಟ್ಟಿಯಲ್ಲಿ ಐಸ್ ಹಾಕಿದ ಬಂಗುಡೆ ಇತ್ತು, ಅದರ ಮೇಲೆ ನೊಣ ಇರಲಿಲ್ಲ. ಅಷ್ಟೇ ಸಾಕ್ಷಿ! ಹಾಗಾಗಿ ಈ ಸಂದೇಶದಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಬಿಡಿಸಿ ನೋಡೋಣ ಎಂದುಕೊಂಡೆವು.

ಫಾರ್ಮಾಲಿನ್ ಎಂದರೇನು?

ಫಾರ್ಮಾಲ್ಡಿಹೈಡ್ ಎಂಬುದು ಬಣ್ಣವಿಲ್ಲದ, ಘಾಟು ವಾಸನೆಯ ಅನಿಲ. ಅದನ್ನು ಸುಮಾರು 37 ಶೇಕಡಾದಷ್ಟು ನೀರಿನಲ್ಲಿ ಕರಗಿಸಿದರೆ ಫಾರ್ಮಾಲಿನ್. ಕಾಲೇಜಿನ ಜೀವಶಾಸ್ತ್ರ ಲ್ಯಾಬಿನ ಗಾಜಿನ ಜಾಡಿಗಳಲ್ಲಿ ಕಪ್ಪೆ, ಮೀನುಗಳನ್ನು ಕೆಡದಂತೆ ಇಡುವುದು ಇದರಲ್ಲೇ. ಇದು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಮಾಂಸದ ಪ್ರೋಟೀನ್‌ಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿಯಾಗಿಸುತ್ತದೆ.

ಆಹಾರಕ್ಕೆ ಇದನ್ನು ಬೆರೆಸುವುದು ಭಾರತದಲ್ಲಿ ಕಾನೂನುಬಾಹಿರ. ಹೆಚ್ಚು ಪ್ರಮಾಣದಲ್ಲಿ ಹೊಟ್ಟೆಗೆ ಹೋದರೆ ಗಂಟಲು ಉರಿ, ಹೊಟ್ಟೆನೋವು, ವಾಂತಿ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಫಾರ್ಮಾಲ್ಡಿಹೈಡ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. ಆದರೆ ಆ ತೀರ್ಮಾನಕ್ಕೆ ಮುಖ್ಯ ಆಧಾರ, ಕೆಲಸದ ಜಾಗದಲ್ಲಿ ವರ್ಷಗಟ್ಟಲೆ ಅದರ ಆವಿಯನ್ನು ಉಸಿರಾಡಿದವರ ಮೇಲಿನ ಅಧ್ಯಯನಗಳು. ಆದ್ದರಿಂದ ಒಮ್ಮೆ ತಿಂದರೆ ಕ್ಯಾನ್ಸರ್ ಖಚಿತ ಎನ್ನುವುದು ಸುಳ್ಳು. ಹಾಗೆಂದು ಮೀನಿಗೆ ಫಾರ್ಮಾಲಿನ್ ಬೆರೆಸುವುದು ಚಿಕ್ಕ ತಪ್ಪೇನೂ ಅಲ್ಲ.

ಬೆರೆಸುವವರು ಇಲ್ಲವೇ ಇಲ್ಲ ಎಂದೂ ಹೇಳುವಂತಿಲ್ಲ. 2018ರ ಜೂನ್‌ನಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ 'ಆಪರೇಷನ್ ಸಾಗರ ರಾಣಿ' ಹೆಸರಿನ ತಪಾಸಣೆಯಲ್ಲಿ ಗಡಿಯ ಚೆಕ್‌ಪೋಸ್ಟ್‌ಗಳಲ್ಲಿ ಸಾವಿರಾರು ಕಿಲೋ ಮೀನನ್ನು ಹಿಡಿದಿತ್ತು. ಅಂದರೆ ಭಯಕ್ಕೆ ಕಾರಣ ಇದೆ. ತಪ್ಪಿರುವುದು ಪತ್ತೆ ಹಚ್ಚುವ ವಿಧಾನದಲ್ಲಿ.

ನೊಣದ ಪರೀಕ್ಷೆಯನ್ನು ನಂಬಬಹುದೇ?

ಇಲ್ಲ. ಫಾರ್ಮಾಲಿನ್ ಘಾಟಿಗೆ ನೊಣ ದೂರ ಹೋಗಬಹುದು, ಆದರೆ ನೊಣ ಬಾರದಿರಲು ಬೇರೆ ಕಾರಣಗಳೂ ಬೇಕಾದಷ್ಟಿವೆ. ಐಸ್‌ನ ತಣ್ಣನೆಯ ಮೈಯಿಂದ ವಾಸನೆ ಹೆಚ್ಚು ಏಳುವುದಿಲ್ಲ. ತಾಜಾ ಮೀನಿಗೆ ಕೊಳೆತ ವಾಸನೆಯೇ ಇರುವುದಿಲ್ಲ. ಗಾಳಿ ಜೋರಾಗಿದ್ದರೂ, ಮೇಲೆ ಫ್ಯಾನ್ ತಿರುಗುತ್ತಿದ್ದರೂ ನೊಣ ನಿಲ್ಲುವುದಿಲ್ಲ. ಈ ಪರೀಕ್ಷೆಯಲ್ಲಿ ಹೆಚ್ಚಾಗಿ ಸಿಕ್ಕಿಬೀಳುವವರು ಮೀನನ್ನು ಸರಿಯಾಗಿ ಐಸ್‌ನಲ್ಲಿಟ್ಟು, ಸ್ವಚ್ಛವಾಗಿ ಮಾರುವವರೇ! ಇನ್ನೊಂದು ಕಡೆ, ಕಡಿಮೆ ಪ್ರಮಾಣದಲ್ಲಿ ಹಾಕಿ ಆಮೇಲೆ ತೊಳೆದ ಮೀನಿನ ಮೇಲೆ ನೊಣ ಕೂರಲೂಬಹುದು.

ಮೊಬೈಲ್‌ನಲ್ಲಿ ಫೋಟೊ ತೆಗೆದರೆ ಗೊತ್ತಾಗುತ್ತದೆ ಎನ್ನುವುದೂ ಇಷ್ಟೇ. ಫಾರ್ಮಾಲ್ಡಿಹೈಡ್‌ಗೆ ಬಣ್ಣವಿಲ್ಲ. ಕಣ್ಣಿಗೆ ಕಾಣದ್ದು ಮೊಬೈಲ್ ಕ್ಯಾಮೆರಾಕ್ಕೂ ಕಾಣದು.

ಹಾಗಾದರೆ ಪ್ರಯೋಗಾಲಯಕ್ಕೆ ಹೇಗೆ ಕಾಣುತ್ತದೆ?

ಬಣ್ಣವಿಲ್ಲದ್ದಕ್ಕೆ ಬಣ್ಣ ಬರಿಸಿ, ಬೆಳಕಿನಿಂದ ಅಳೆಯುತ್ತಾರೆ. ಒಂದು ಪ್ರಸಿದ್ಧ ವಿಧಾನದಲ್ಲಿ ಮೀನಿನಿಂದ ತೆಗೆದ ದ್ರವಕ್ಕೆ ಅಸಿಟೈಲ್ ಅಸಿಟೋನ್ ಮತ್ತು ಅಮೋನಿಯಂ ಲವಣ ಇರುವ ದ್ರಾವಣವನ್ನು ಸೇರಿಸುತ್ತಾರೆ. ಫಾರ್ಮಾಲ್ಡಿಹೈಡ್ ಇದ್ದರೆ ಅದು ಹಳದಿಯಾಗುತ್ತದೆ. ಈ ಹಳದಿ ವಸ್ತು 412 ನ್ಯಾನೊಮೀಟರ್ ಆಸುಪಾಸಿನ ನೇರಳೆ ಬೆಳಕನ್ನು ಹೆಚ್ಚು ಹೀರುತ್ತದೆ. ದ್ರವದ ಒಂದು ಬದಿಯಿಂದ ಆ ಬೆಳಕನ್ನು ಬಿಟ್ಟು, ಇನ್ನೊಂದು ಬದಿಗೆ ಎಷ್ಟು ತಲುಪಿತು ಎಂದು ಉಪಕರಣ ಅಳೆಯುತ್ತದೆ.

ಇದು ನಮ್ಮ ಕೋಕಂ ಪಾನಕದ ಲೆಕ್ಕವೇ. ತೆಳ್ಳಗಿದ್ದರೆ ಲೋಟದ ಆಚೆಗಿನದು ಕಾಣುತ್ತದೆ, ಗಟ್ಟಿಯಾದಷ್ಟೂ ಕಾಣುವುದು ಕಡಿಮೆಯಾಗುತ್ತದೆ. ಬೆಳಕು ಎಷ್ಟು ಕಡಿಮೆಯಾಯಿತು ಎಂಬುದರಿಂದ ಫಾರ್ಮಾಲ್ಡಿಹೈಡ್ ಎಷ್ಟಿದೆ ಎಂದು ತಿಳಿಯುತ್ತದೆ.

ಲ್ಯಾಬಿನ ಈ ಕೆಲಸವನ್ನು ಮಾರುಕಟ್ಟೆಗೆ ತರುವ ಪ್ರಯತ್ನವೂ ನಡೆದಿದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ (ಸಿಐಎಫ್‌ಟಿ) ಫಾರ್ಮಾಲ್ಡಿಹೈಡ್ ಮತ್ತು ಅಮೋನಿಯ ಪತ್ತೆಗೆ ಕಾಗದದ ಪಟ್ಟಿಯ ಕಿಟ್‌ಗಳನ್ನು ರೂಪಿಸಿ 2018ರ ಜನವರಿಯಲ್ಲಿ ಬಿಡುಗಡೆ ಮಾಡಿತು. ಪಟ್ಟಿಯನ್ನು ಮೀನಿನ ಮೈಗೆ ಉಜ್ಜಿ, ಒಂದು ಹನಿ ದ್ರಾವಣ ಹಾಕಿ, ಬಂದ ಬಣ್ಣವನ್ನು ಕಿಟ್‌ನ ಬಣ್ಣದ ಚಾರ್ಟ್‌ಗೆ ಹೋಲಿಸಬೇಕು. ಕೆಲವೇ ನಿಮಿಷಗಳ ಕೆಲಸ. ಇಂಥ ಪಟ್ಟಿಗಳ ಬಣ್ಣವನ್ನು ಮೊಬೈಲ್ ಕ್ಯಾಮೆರಾದಿಂದ ಓದುವ ಸಂಶೋಧನೆಗಳೂ ಆಗುತ್ತಿವೆ. ಅಲ್ಲಿ ಕ್ಯಾಮೆರಾ ನೋಡುವುದು ಮೀನನ್ನಲ್ಲ, ಪಟ್ಟಿಯ ಬಣ್ಣವನ್ನು. ಟ್ಯೂಬ್‌ಲೈಟಿನಲ್ಲಿ ಒಂದು ಬಣ್ಣ, ಬಿಸಿಲಿನಲ್ಲಿ ಇನ್ನೊಂದು ಬಣ್ಣ ಕಾಣದಿರಲಿ ಎಂದು ನಿಗದಿತ ಬೆಳಕನ್ನೇ ಬಳಸುತ್ತಾರೆ.

ಗುವಾಹಟಿ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಇತ್ತೀಚೆಗೆ ಇನ್ನೊಂದು ದಾರಿ ಹಿಡಿದಿದ್ದಾರೆ. ತವರದ ಆಕ್ಸೈಡ್ ಮತ್ತು ಗ್ರಾಫೀನ್ ಜಾತಿಯ ಇಂಗಾಲದ ಹಾಳೆಗಳನ್ನು ಬೆರೆಸಿ ಸೆನ್ಸರ್ ತಯಾರಿಸಿದ್ದಾರೆ. ಫಾರ್ಮಾಲ್ಡಿಹೈಡ್‌ನ ಆವಿ ತಾಗಿದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಮೀನನ್ನು ಕತ್ತರಿಸದೆ, ಸಾಮಾನ್ಯ ತಾಪಮಾನದಲ್ಲೇ ಪರೀಕ್ಷಿಸಬಹುದು ಎಂಬುದು ಇದರ ಅನುಕೂಲ.

ಪರೀಕ್ಷೆಯಲ್ಲಿ ಬಣ್ಣ ಬಂದರೆ ಬೆರೆಸಿದ್ದಾರೆ ಎಂದೇ ಅರ್ಥವೇ?

ಯಾವಾಗಲೂ ಅಲ್ಲ. ಫಾರ್ವರ್ಡ್‌ಗಳು ಹೇಳದ ಮುಖ್ಯ ಸಂಗತಿ ಇದು. ಸಮುದ್ರದ ಮೀನುಗಳ ದೇಹದಲ್ಲಿ ಟ್ರೈಮಿಥೈಲಮೈನ್ ಆಕ್ಸೈಡ್ ಎಂಬ ವಸ್ತು ಸಹಜವಾಗಿ ಇರುತ್ತದೆ. ಉಪ್ಪುನೀರಿನಲ್ಲಿ ಬದುಕಲು ಅದು ಬೇಕು. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಮೀನಿನ ನಾತ ಬರುತ್ತದೆ. ಮೀನಿನದೇ ಕಿಣ್ವ ಒಡೆದಾಗ ಹುಟ್ಟುವ ವಸ್ತುಗಳಲ್ಲಿ ಒಂದು ಫಾರ್ಮಾಲ್ಡಿಹೈಡ್! ಬೊಂಬಿಲ್‌ನಂಥ ಕೆಲವು ಜಾತಿಗಳಲ್ಲಿ ಇದು ಹೆಚ್ಚು. ಫ್ರೀಜರಿನಲ್ಲಿ ಇಟ್ಟಷ್ಟು ದಿನ ಏರುತ್ತಲೂ ಹೋಗಬಹುದು. ಪೇರ್ ಹಣ್ಣಿನಲ್ಲಿ, ಕೆಲವು ಅಣಬೆಗಳಲ್ಲಿ ಫಾರ್ಮಾಲ್ಡಿಹೈಡ್ ಸಹಜವಾಗಿ ಇರುತ್ತದೆ. ನಮ್ಮ ರಕ್ತದಲ್ಲೂ ಲೀಟರಿಗೆ 2ರಿಂದ 3 ಮಿಲಿಗ್ರಾಂನಷ್ಟು ಇರುತ್ತದೆ.

ಆದ್ದರಿಂದ 'ಇದೆಯೇ' ಎಂಬ ಪ್ರಶ್ನೆಯಷ್ಟೇ ಸಾಲದು. 'ಯಾವ ಮೀನಿನಲ್ಲಿ, ಎಷ್ಟಿದೆ' ಎಂದು ಕೇಳಬೇಕು. ಸ್ಥಳದಲ್ಲೇ ಮಾಡುವ ಪಟ್ಟಿ ಪರೀಕ್ಷೆ ಅನುಮಾನವನ್ನು ತೋರಿಸುತ್ತದೆ, ತೀರ್ಪು ಕೊಡಬೇಕಾದದ್ದು ಪ್ರಮಾಣ ಅಳೆಯುವ ಲ್ಯಾಬ್.

ಈ ವ್ಯತ್ಯಾಸ ಮರೆತರೆ ಏನಾಗುತ್ತದೆ ಎಂದು 2018ರಲ್ಲಿ ಕಾರವಾರದ ಪಕ್ಕದಲ್ಲೇ ನೋಡಿದ್ದೇವೆ. ಆ ಜುಲೈನಲ್ಲಿ ಗೋವಾದ ಮಡಗಾಂವ್ ಸಗಟು ಮಾರುಕಟ್ಟೆಯಲ್ಲಿ ಅಧಿಕಾರಿಗಳ ಸ್ಥಳ ಪರೀಕ್ಷೆಯಲ್ಲಿ ಫಾರ್ಮಾಲಿನ್ ಕಂಡಿತೆಂಬ ಸುದ್ದಿ ಹಬ್ಬಿತು. ನಂತರ, ಪ್ರಮಾಣ ಮಿತಿಯೊಳಗಿದೆ ಎಂಬ ಹೇಳಿಕೆ ಬಂತು. ಜನರಿಗೆ ಯಾವುದನ್ನು ನಂಬಬೇಕೆಂದು ತಿಳಿಯಲಿಲ್ಲ. ಸರ್ಕಾರ ಹೊರರಾಜ್ಯದ ಮೀನನ್ನು ಕೆಲಕಾಲ ನಿಷೇಧಿಸಿತು. ಆ ವರ್ಷದ ಕೊನೆಯಲ್ಲಿ ನೋಂದಣಿ ಮತ್ತು ಶೀತ ಕಾಪಾಡುವ ವಾಹನದ ನಿಯಮ ಬಂದಾಗ ಕರ್ನಾಟಕದ ಮೀನಿನ ಗಾಡಿಗಳು ಗಡಿಯಿಂದ ವಾಪಸಾದವು. 2019ರಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಮೀನಿನಲ್ಲಿ ಸಹಜವಾಗಿ ಇರಬಹುದಾದ ಫಾರ್ಮಾಲ್ಡಿಹೈಡ್‌ಗೆ ಜಾತಿವಾರು ಮಿತಿಗಳನ್ನು ಗೊತ್ತುಮಾಡಿತು.

ಹಾಗಾದರೆ ನಾವು ಏನು ಮಾಡಬೇಕು?

ಮೊದಲಿಗೆ, ತಾಜಾತನ ನೋಡಿ ಕೊಳ್ಳಿ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು. ಕಣ್ಣು ಮಂಕಾಗಿ, ಕಿವಿರು ಬಿಳಚಿಕೊಂಡಿದ್ದರೂ ಮೈ ಮಾತ್ರ ರಬ್ಬರಿನಂತೆ ಗಟ್ಟಿಯಾಗಿದ್ದರೆ ಅಥವಾ ಮೂಗಿಗೆ ಔಷಧದ ಘಾಟು ಬಂದರೆ ಕೊಳ್ಳಬೇಡಿ. ಇವು ಎಚ್ಚರಿಕೆಯ ಗುರುತುಗಳು, ಫಾರ್ಮಾಲಿನ್‌ಗೆ ಪುರಾವೆಗಳಲ್ಲ.

ಎರಡನೆಯದಾಗಿ, ಉಪ್ಪುನೀರಲ್ಲಿ ತೊಳೆದರೆ, ಕುದಿಸಿದರೆ ಎಲ್ಲ ಹೋಗುತ್ತದೆ ಎಂಬುದನ್ನೂ ನಂಬಬೇಡಿ. ಸ್ವಲ್ಪ ಹೋಗುತ್ತದೆ, ಪ್ರೋಟೀನಿಗೆ ಅಂಟಿಕೊಂಡದ್ದು ಉಳಿಯುತ್ತದೆ.

ಮೂರನೆಯದಾಗಿ, ಅನುಮಾನ ಬಲವಾಗಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ಅಥವಾ ಜಿಲ್ಲಾ ಅಂಕಿತಾಧಿಕಾರಿಗೆ ದೂರು ಕೊಡಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ, ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸುವ ಹಕ್ಕು ಗ್ರಾಹಕರಿಗಿದೆ. ಕಾಯ್ದೆಯ ಉಲ್ಲಂಘನೆ ಸಾಬೀತಾದರೆ ಆ ಶುಲ್ಕ ವಾಪಸ್ ಸಿಗುತ್ತದೆ.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆ ದಿನಗಳಲ್ಲಿ ಹೊರಗಿನ ಮೀನು ಹೆಚ್ಚು ಬರುತ್ತದೆ, ದೂರದಿಂದ ಐಸ್‌ನಲ್ಲಿ ಬರುತ್ತದೆ. ತಪಾಸಣೆ ಬಿಗಿಯಾಗಬೇಕಾದದ್ದು ಆಗಲೇ. ಅದನ್ನು ಇಲಾಖೆಯಿಂದ ಕೇಳಿ ಪಡೆಯಬೇಕೇ ಹೊರತು ಬುಟ್ಟಿ ಹೊತ್ತು ಮನೆ ಬಾಗಿಲಿಗೆ ಬರುವವರಿಗೆ ಶಿಕ್ಷೆ ಕೊಡಬಾರದು. ದೊಡ್ಡ ಲಾರಿಯಲ್ಲಿ ಯಾರೋ ಬೆರೆಸಿದ್ದರೂ ನಮ್ಮ ಫಾರ್ವರ್ಡ್ ತಾಗುವುದು ಅವರಿಗಲ್ಲ. ಅಂದಿನ ಬಂಗುಡೆ ಅಂದೇ ಖರ್ಚಾಗದಿದ್ದರೆ ನಷ್ಟವಾಗುವುದು ಈ ಹೆಂಗಸರಿಗೆ.

ಮುಂದಿನ ಸಲ ಈ ಸಂದೇಶ ಬಂದಾಗ ಒಂದೇ ಪ್ರಶ್ನೆ ಕೇಳಿ: ಪರೀಕ್ಷೆ ಮಾಡಿದವರು ಯಾರು, ಯಾವ ಮೀನಿನಲ್ಲಿ ಎಷ್ಟು ಸಿಕ್ಕಿತು? ಉತ್ತರ ಇಲ್ಲದಿದ್ದರೆ ಅದನ್ನು ಮುಂದೆ ಕಳಿಸಬೇಡಿ. ಕಳಿಸಲೇಬೇಕೆಂದಿದ್ದರೆ ಈ ಲೇಖನವನ್ನು ಕಳಿಸಿ.