‘ಬಕ್’ ಎಂದರೆ ಡಾಲರ್ ಅಲ್ಲ

ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ಇಳಿಸುವಾಗ ‘ಪಾಸಿಂಗ್ ದಿ ಬಕ್’ ಎಂಬ ಮಾತು ಎದುರಾದರೆ ಪೆನ್ನು ಅಲ್ಲೇ ನಿಲ್ಲುತ್ತದೆ. ‘ಬಕ್’ ಎಂದರೆ ಗಂಡು ಜಿಂಕೆ. ಅಮೆರಿಕನ್ನರ ಆಡುಮಾತಿನಲ್ಲಿ ಡಾಲರ್. ಇಲ್ಲಿ ಎರಡೂ ಅಲ್ಲ. ಆದರೂ ಜಿಂಕೆಯ ನಂಟು ಕೊಂಚ ಇದ್ದಂತಿದೆ.

ಮಾತು ಬಂದದ್ದು 19ನೇ ಶತಮಾನದ ಅಮೆರಿಕದ ಪೋಕರ್ ಎಂಬ ಇಸ್ಪೀಟು ಆಟದಿಂದ. ಎಲೆ ಹಂಚುವ ಸರದಿ ಯಾರದೆಂದು ತೋರಿಸಲು ಆಟಗಾರನ ಮುಂದೆ ಒಂದು ಗುರುತು ಇಡುತ್ತಿದ್ದರು. ಅದೇ ‘ಬಕ್’. ಜಿಂಕೆಕೊಂಬಿನ ಹಿಡಿಯ ಚಾಕುವನ್ನು ಹೀಗೆ ಇಡುತ್ತಿದ್ದುದರಿಂದ ಆ ಹೆಸರು ಬಂತೆಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಹಂಚಲು ಮನಸ್ಸಿಲ್ಲದವನು ಅದನ್ನು ಪಕ್ಕದವನತ್ತ ಸರಿಸಬಹುದಿತ್ತು. ಆಟದಲ್ಲಿ ಅದು ತಪ್ಪಲ್ಲ. ಕಚೇರಿಗೆ ಬಂದ ಮೇಲೆ ಅದೇ ಮಾತು ಆರೋಪವಾಯಿತು.

ಅದನ್ನು ತಿರುಗಿಸಿ ನಿಲ್ಲಿಸಿದ ಕೀರ್ತಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಮೇಜಿನ ಫಲಕಕ್ಕೆ ಸಲ್ಲುತ್ತದೆ. ‘ದಿ ಬಕ್ ಸ್ಟಾಪ್ಸ್ ಹಿಯರ್’, ಅಂದರೆ ಸರದಿ ಇಲ್ಲಿಂದ ಮುಂದೆ ಸರಿಯುವುದಿಲ್ಲ. ಟ್ರೂಮನ್ ಸ್ವತಃ ಪೋಕರ್ ಪ್ರಿಯರು. ಆದರೆ ಫಲಕ ಅವರ ಕಲ್ಪನೆಯಲ್ಲ. ಒಕ್ಲಹಾಮದ ಎಲ್ ರೆನೊ ಎಂಬಲ್ಲಿನ ಸುಧಾರಣಾ ಕಾರಾಗೃಹದಲ್ಲಿ ಇಂಥದೊಂದನ್ನು ಕಂಡ ಅವರ ಮಿತ್ರ ಫ್ರೆಡ್ ಕ್ಯಾನ್‌ಫಿಲ್, ಅಧ್ಯಕ್ಷರಿಗೂ ಒಂದು ಮಾಡಿಸಿಕೊಡುವಂತೆ ಕೇಳಿದರು. ಸೆರೆಮನೆಯಲ್ಲಿ ತಯಾರಾದ ಫಲಕ ಅಂಚೆಯಲ್ಲಿ ಹೊರಟದ್ದು 1945ರ ಅಕ್ಟೋಬರ್‌ನಲ್ಲಿ. ಹಿರೋಷಿಮಾ, ನಾಗಸಾಕಿಗಳ ಮೇಲೆ ಬಾಂಬು ಬಿದ್ದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಆ ತೀರ್ಮಾನದ ವೇಳೆ ಫಲಕ ಟ್ರೂಮನ್ ಎದುರಿಗಿತ್ತೆಂದು ಊಹಿಸಿಕೊಳ್ಳುವವರು ಈ ದಿನಾಂಕಗಳನ್ನು ಗಮನಿಸಬೇಕು. 1951ರ ಏಪ್ರಿಲ್‌ನಲ್ಲಿ, ಕೊರಿಯಾ ಯುದ್ಧದ ನಡುವೆ, ಜನಪ್ರಿಯ ಸೇನಾಪತಿ ಮೆಕಾರ್ಥರ್ ಅವರನ್ನು ವಜಾ ಮಾಡಿದ್ದು ಮಾತ್ರ ಫಲಕ ಬಂದ ಮೇಲಿನ ನಿರ್ಧಾರ. ಜನರ ಸಿಟ್ಟು ಅಧ್ಯಕ್ಷರ ಮೇಲೆಯೇ ಬಂತು. 1953ರ ಜನವರಿಯಲ್ಲಿ ಬೀಳ್ಕೊಡುಗೆಯ ಭಾಷಣದಲ್ಲೂ ಅವರು ಇದೇ ಧಾಟಿಯಲ್ಲಿ, ಅಧ್ಯಕ್ಷನಾದವನು ತೀರ್ಮಾನವನ್ನು ಬೇರೆಯವರಿಗೆ ದಾಟಿಸುವಂತಿಲ್ಲ ಎಂದರು.

‘ದಾಟಿಸುವುದು’ ಯಾವುದನ್ನು? ಅನುವಾದದಲ್ಲಿ ನಾವು ಎಡವುವುದು ಇಲ್ಲಿಯೇ. ಅವಸರದಲ್ಲಿ ‘ಗೂಬೆ ಕೂರಿಸಿದರು’ ಎಂದು ಬರೆದುಬಿಡುತ್ತೇವೆ. ಗೂಬೆ ಕೂರಿಸುವುದು ಕೆಲಸ ಕೆಟ್ಟ ಮೇಲೆ. ಅದು ತಪ್ಪಿನ ವರ್ಗಾವಣೆ. ಬಕ್ ಸರಿಸಲು ಏನೂ ಕೆಟ್ಟಿರಬೇಕಿಲ್ಲ. ನಿರ್ಧರಿಸಬೇಕಾದವರು ನಿರ್ಧರಿಸದೆ, ‘ಮೇಲಿನವರನ್ನು ಕೇಳಿ’, ‘ಆ ವಿಭಾಗಕ್ಕೆ ಹೋಗಿ’ ಎಂದರೆ ಸಾಕು. ಪಿಂಚಣಿಗಾಗಿ ಅಲೆಯುವ ಮುದುಕಿಯ ಅರ್ಜಿ ಮೇಜಿನಿಂದ ಮೇಜಿಗೆ ಹೋಗುವಾಗ ಯಾರೂ ಯಾರನ್ನೂ ದೂರಿರುವುದಿಲ್ಲ. ಇದಕ್ಕೆ ‘ಜಾರಿಕೊಳ್ಳುವುದು’ ಎಂಬ ನಮ್ಮ ಮಾತೇ ಹೆಚ್ಚು ಹತ್ತಿರ.